2⁶⁷ − 1: ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆಯ ಚರಿತ್ರೆ

ಗಣಿತವನ್ನು ಶಾಲೆಯಲ್ಲಿಯೇ ಬಿಟ್ಟು ಬಂದವರೂ ಒಮ್ಮೆ ನಿಂತು ನೋಡಬೇಕಾದ ಕೆಲವು ಸಂಖ್ಯೆಗಳಿವೆ. ಅವುಗಳಲ್ಲಿ ಒಂದು ಇದು:

147573952589676412927

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ಈ ಸಂಖ್ಯೆ ದೊರೆಯುತ್ತದೆ. ಪ್ಯಾರಿಸ್ಸಿನ ಪಾದ್ರಿಯೊಬ್ಬರು 1644ರಲ್ಲಿ ಇದು ಅವಿಭಾಜ್ಯ ಸಂಖ್ಯೆಯೆಂದು ಹೇಳಿದರು. ಅಂದರೆ ಒಂದರಿಂದ ಮತ್ತು ತನ್ನಿಂದ ಹೊರತು ಬೇರಾವ ಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗದು ಎಂದು. ಎರಡು ಶತಮಾನಗಳಿಗೂ ಮೀರಿ ಈ ಮಾತು ನಿಂತಿತು. 1876ರಲ್ಲಿ ಫ್ರೆಂಚ್ ಗಣಿತಜ್ಞರೊಬ್ಬರು ಇದು ಅವಿಭಾಜ್ಯವಲ್ಲವೆಂದು ಸಾಧಿಸಿ ತೋರಿಸಿದರು. ವಿಚಿತ್ರವೆಂದರೆ, ಇದನ್ನು ಭಾಗಿಸುವ ಒಂದೇ ಒಂದು ಸಂಖ್ಯೆಯೂ ಅವರಿಗೆ ಸಿಕ್ಕಿರಲಿಲ್ಲ. ಅಪವರ್ತನಗಳು ಬೆಳಕಿಗೆ ಬಂದದ್ದು 1903ರಲ್ಲಿ. ನಡುವಣ 27 ವರ್ಷಗಳ ಕಾಲ ಈ ಸಂಖ್ಯೆ ಒಡೆಯುವಂಥದ್ದೆಂದು ಎಲ್ಲರಿಗೂ ತಿಳಿದಿತ್ತು, ಎಲ್ಲಿ ಒಡೆಯುತ್ತದೆಂದು ಯಾರಿಗೂ ತಿಳಿದಿರಲಿಲ್ಲ.

ನಾನು ವೃತ್ತಿಯಿಂದ ವೈದ್ಯ. ಗಣಿತ ನನಗೆ ರಾತ್ರಿಯ ಓದು ಮಾತ್ರ. ಆದರೂ ಆ 27 ವರ್ಷಗಳ ಸ್ಥಿತಿ ನನಗೆ ತೀರ ಪರಿಚಿತವೆನಿಸುತ್ತದೆ. ತೂಕ ಇಳಿಯುತ್ತಿರುವ, ಸಂಜೆಯಾದರೆ ಮೈ ಬಿಸಿಯೇರುವ ರೋಗಿಯ ರಕ್ತಪರೀಕ್ಷೆಗಳು ಒಳಗೆ ಏನೋ ಇದೆಯೆಂದು ಸಾರಿ ಹೇಳುತ್ತವೆ. ಸ್ಕ್ಯಾನುಗಳಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಆಗ ರೋಗಿ ಕೇಳುವ ‘ಹಾಗಾದರೆ ನನಗೆ ಆಗಿರುವುದಾದರೂ ಏನು?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ನಿಂತ ದಿನಗಳು ಪ್ರತಿಯೊಬ್ಬ ವೈದ್ಯನ ನೆನಪಿನಲ್ಲಿಯೂ ಇರುತ್ತವೆ. ‘ಇದೆ’ ಎಂದು ತಿಳಿಯುವುದು ಬೇರೆ, ‘ಇಲ್ಲಿದೆ’ ಎಂದು ತೋರಿಸುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ಕಾಣಿಸುವ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ.

ಸಂಖ್ಯೆಯ ಪರಿಚಯ

ಮೊದಲು ಇದರ ಗಾತ್ರವನ್ನು ಅರಿತುಕೊಳ್ಳೋಣ. ನಮ್ಮ ರೂಢಿಯಂತೆ ಅಲ್ಪವಿರಾಮಗಳನ್ನು ಹಾಕಿದರೆ ಇದು 14,75,73,95,25,89,67,64,12,927 ಆಗುತ್ತದೆ. ಬಾಯಲ್ಲಿ ಹೇಳುವುದಾದರೆ ಸುಮಾರು 14 ಲಕ್ಷ 75 ಸಾವಿರದ 739 ಕೋಟಿ ಕೋಟಿ. ಕೋಟಿಯನ್ನು ಎರಡು ಸಲ ಹೇಳದೆ ಗತಿಯಿಲ್ಲ, ಏಕೆಂದರೆ ಇಂದಿನ ಮಾತಿನಲ್ಲಿ ಅದಕ್ಕಿಂತ ಮೇಲಿನ ಸ್ಥಾನಗಳಿಗೆ ಬಳಕೆಯ ಹೆಸರುಗಳಿಲ್ಲ. ಹಿಂದೆ ಇದ್ದವು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ 21ನೆಯ ಸ್ಥಾನ ‘ಕ್ಷಿತಿ’. ಅವನ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ ಎಂದು ಆರಂಭವಾಗುತ್ತದೆ.

ಚದುರಂಗದ ಹಲಗೆಯ ಕಥೆಯನ್ನು ಬಾಲ್ಯದಲ್ಲಿ ಕೇಳದವರು ವಿರಳ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ 64 ಮನೆಗಳನ್ನು ತುಂಬಿದರೆ ಒಟ್ಟು 2⁶⁴ − 1 ಕಾಳುಗಳು ಬೇಕಾಗುತ್ತವೆ. ಅರಸನ ಕಣಜ ಬರಿದಾದದ್ದು ಅಷ್ಟಕ್ಕೆ. ಅಂಥ ಎಂಟು ಹಲಗೆಗಳ ಕಾಳನ್ನು ಒಟ್ಟುಗೂಡಿಸಿ ಮೇಲೆ ಏಳು ಕಾಳು ಹಾಕಿದರೆ ನಮ್ಮ ಸಂಖ್ಯೆ ಬರುತ್ತದೆ. ಕಂಪ್ಯೂಟರುಗಳು ಬಳಸುವ ದ್ವಿಮಾನ ಪದ್ಧತಿಯಲ್ಲಿ ಇದನ್ನು ಬರೆಯುವುದು ಇನ್ನೂ ಸರಳ: ಸಾಲಾಗಿ 67 ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ.

ಮರ್ಸೆನ್ ಅವರ ಪಟ್ಟಿ

ಎರಡರ ಘಾತದಿಂದ ಒಂದನ್ನು ಕಳೆದು ಬರುವ ಸಂಖ್ಯೆಗಳ ಮೇಲಿನ ಆಸಕ್ತಿ ಬಹಳ ಹಳೆಯದು. ಯೂಕ್ಲಿಡನ ಕಾಲದಿಂದಲೂ ಗಣಿತಜ್ಞರು ‘ಪರಿಪೂರ್ಣ ಸಂಖ್ಯೆ’ಗಳನ್ನು ಹುಡುಕುತ್ತಿದ್ದರು. ತನ್ನನ್ನು ಬಿಟ್ಟು ಉಳಿದೆಲ್ಲ ಭಾಜಕಗಳ ಮೊತ್ತಕ್ಕೆ ಸಮನಾಗಿರುವ ಸಂಖ್ಯೆ ಪರಿಪೂರ್ಣ. 6ರ ಭಾಜಕಗಳು 1, 2, 3, ಮೊತ್ತ 6. 28ರ ಭಾಜಕಗಳು 1, 2, 4, 7, 14, ಮೊತ್ತ 28. 2ರ ಯಾವುದೋ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಂಖ್ಯೆ ಬಂದರೆ, ಅದರಿಂದ ಒಂದು ಪರಿಪೂರ್ಣ ಸಂಖ್ಯೆಯನ್ನು ಕಟ್ಟಬಹುದೆಂದು ಯೂಕ್ಲಿಡ್ ಸಾಧಿಸಿದ್ದನು. ಆದ್ದರಿಂದ ಯಾವ ಘಾತಾಂಕಕ್ಕೆ ಅವಿಭಾಜ್ಯ ದೊರೆಯುತ್ತದೆಂಬುದು ಮುಖ್ಯ ಪ್ರಶ್ನೆಯಾಯಿತು.

ಘಾತಾಂಕವೇ ಸಂಯುಕ್ತವಾಗಿದ್ದರೆ ಉತ್ತರ ಸುಲಭ. 6 ಎಂಬುದು 2 ಮತ್ತು 3ರ ಗುಣಲಬ್ಧವಾದ್ದರಿಂದ, 2⁶ − 1, ಅಂದರೆ 63, 2² − 1 ಆದ 3ರಿಂದಲೂ 2³ − 1 ಆದ 7ರಿಂದಲೂ ಭಾಗವಾಗುತ್ತದೆ. ಹೀಗಾಗಿ ಘಾತಾಂಕ ಅವಿಭಾಜ್ಯವಾಗಿರಲೇಬೇಕು. ಆದರೆ ಅಷ್ಟೇ ಸಾಲದು. 11 ಅವಿಭಾಜ್ಯ, 2¹¹ − 1 ಆದ 2047 ಮಾತ್ರ 23 ಮತ್ತು 89ರ ಗುಣಲಬ್ಧ.

ಪ್ಯಾರಿಸ್ಸಿನ ಪಾದ್ರಿ ಮರ್ಸೆನ್ (1588–1648) ಯೂರೋಪಿನ ವಿದ್ವಾಂಸರ ನಡುವೆ ಪತ್ರಗಳ ಮೂಲಕ ಸುದ್ದಿ ಸಾಗಿಸುತ್ತಿದ್ದ ಕೊಂಡಿಯಂತಿದ್ದವರು. 1644ರ ತಮ್ಮ ಗ್ರಂಥದಲ್ಲಿ ಅವರು 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127, 257 ಇವಿಷ್ಟಕ್ಕೆ ಅವಿಭಾಜ್ಯ ದೊರೆಯುತ್ತದೆ, ಉಳಿದವಕ್ಕಿಲ್ಲ ಎಂದರು. ಸಾಧನೆಯನ್ನು ಕೊಡಲಿಲ್ಲ. ಅಂದಿನ ಉಪಕರಣಗಳಿಂದ ಕೊಡುವುದು ಸಾಧ್ಯವೂ ಇರಲಿಲ್ಲ: ಭಾಗಾಕಾರದಿಂದಲೇ 2⁶⁷ − 1 ಅವಿಭಾಜ್ಯವೆಂದು ತೋರಿಸಬೇಕಾದರೆ ಅದರ ವರ್ಗಮೂಲದವರೆಗೆ, ಅಂದರೆ ಸುಮಾರು 1,214 ಕೋಟಿಯವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಬೇಕಿತ್ತು.

ಈ ಪಟ್ಟಿಯ ತೀರ್ಮಾನ ಪೂರ್ಣಗೊಂಡದ್ದು 1947ರಲ್ಲಿ. ಐದು ತಪ್ಪುಗಳು ಕಂಡವು. 67 ಮತ್ತು 257 ಪಟ್ಟಿಯಲ್ಲಿ ಇರಬಾರದಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. ಇವುಗಳಲ್ಲಿ 61ನ್ನು 1883ರಲ್ಲಿ ರಷ್ಯದ ಪಾದ್ರಿ ಪೆರ್ವುಶಿನ್ ಸಾಧಿಸಿದರು. 67 ಎಂಬುದು 61ರ ಬದಲಿಗೆ ಬಿದ್ದ ಅಚ್ಚಿನ ದೋಷವಿರಬಹುದೆಂದು ಕೆಲವರು ಊಹಿಸಿದ್ದಾರೆ. ದೋಷ ಯಾರದೇ ಆಗಿರಲಿ, ದೊಡ್ಡವರ ಹೆಸರಿದ್ದ ಪಟ್ಟಿಯನ್ನು ಮುಂದಿನವರು ತಲೆಮಾರುಗಳ ಕಾಲ ನಕಲು ಮಾಡಿದರು. ವೈದ್ಯಕೀಯ ಪಠ್ಯಪುಸ್ತಕಗಳ ಚರಿತ್ರೆ ಬಲ್ಲವರಿಗೆ ಇದು ಹೊಸದಲ್ಲ.

ಅಪವರ್ತನಗಳ ಚಹರೆ

ಕತ್ತಲಲ್ಲಿ ತಡಕುವವರಿಗೆ ಫರ್ಮಾ 1640ರಲ್ಲಿಯೇ ಒಂದು ದೀಪ ಹಚ್ಚಿಟ್ಟಿದ್ದರು. ಘಾತಾಂಕ ಬೆಸ ಅವಿಭಾಜ್ಯವಾಗಿದ್ದರೆ, ಇಂಥ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಘಾತಾಂಕದ ಎರಡರಷ್ಟರ ಯಾವುದೋ ಗುಣಕಕ್ಕೆ ಒಂದನ್ನು ಕೂಡಿದಂತಿರುತ್ತದೆ. 2047ರಲ್ಲಿ ನೋಡಿ: ಘಾತಾಂಕ 11, ಅದರ ಎರಡರಷ್ಟು 22. 23 ಎಂದರೆ 22ಕ್ಕೆ ಒಂದನ್ನು ಕೂಡಿದ್ದು. 89 ಎಂದರೆ 22ರ ನಾಲ್ಕರಷ್ಟಕ್ಕೆ ಒಂದನ್ನು ಕೂಡಿದ್ದು. ಇನ್ನೊಂದು ಲಕ್ಷಣವೂ ಉಂಟು. ಅಂಥ ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ.

ನಮ್ಮ ಸಂಖ್ಯೆಗೆ ಈ ನಿಯಮಗಳನ್ನು ಅನ್ವಯಿಸಿದರೆ, 134ರ ಗುಣಕಕ್ಕೆ ಒಂದು ಕೂಡಿದ ಸಂಖ್ಯೆಗಳನ್ನಷ್ಟೇ, ಅವುಗಳಲ್ಲಿಯೂ ಸುಮಾರು ಅರ್ಧವನ್ನಷ್ಟೇ ನೋಡಿದರೆ ಸಾಕು. ರೋಗಲಕ್ಷಣಗಳನ್ನು ಹಿಡಿದು ನೂರು ಸಾಧ್ಯತೆಗಳನ್ನು ನಾಲ್ಕಕ್ಕೆ ಇಳಿಸಿದಂತೆ. ಆದರೂ ಉಳಿಯುವ ಸಾಧ್ಯತೆಗಳು ಲಕ್ಷಗಟ್ಟಲೆ.

ಭಾಗಿಸದೆ ತಿಳಿಯುವ ಬಗೆ

1876ರಲ್ಲಿ ಎಡ್ವರ್ ಲುಕಾ ಬೇರೆಯದೇ ದಾರಿ ಹಿಡಿದರು. ಅಪವರ್ತನವನ್ನು ಹುಡುಕುವುದನ್ನು ಬಿಟ್ಟು, ಸಂಖ್ಯೆಯ ಸ್ವಭಾವವನ್ನೇ ಪರೀಕ್ಷಿಸುವ ಒಂದು ವಿಧಾನವನ್ನು ರೂಪಿಸಿದರು. ಅಮೆರಿಕದ ಡಿ. ಎಚ್. ಲೇಮರ್ 1930ರಲ್ಲಿ ಅದಕ್ಕೆ ಇಂದು ಬಳಕೆಯಲ್ಲಿರುವ ಸರಳ ರೂಪವನ್ನು ಕೊಟ್ಟರು. ಕಾಗದ ಮತ್ತು ಪೆನ್ಸಿಲ್ ಇದ್ದರೆ ಯಾರಾದರೂ ಮಾಡಿನೋಡಬಹುದು.

4ರಿಂದ ಆರಂಭಿಸಬೇಕು. ಅದನ್ನು ವರ್ಗಮಾಡಿ 2ನ್ನು ಕಳೆಯಬೇಕು. ಬಂದದ್ದನ್ನು ಪರೀಕ್ಷೆಗೆ ತೆಗೆದುಕೊಂಡ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಘಾತಾಂಕಕ್ಕಿಂತ ಎರಡು ಕಡಿಮೆ ಬಾರಿ ಇದನ್ನೇ ಪುನರಾವರ್ತಿಸಬೇಕು. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ.

2⁵ − 1, ಅಂದರೆ 31ನ್ನು ಪರೀಕ್ಷಿಸೋಣ. ಘಾತಾಂಕ 5 ಆದ್ದರಿಂದ ಮೂರು ಹೆಜ್ಜೆಗಳು. 4ರ ವರ್ಗದಿಂದ 2 ಕಳೆದರೆ 14. 14ರ ವರ್ಗದಿಂದ 2 ಕಳೆದರೆ 194. 31ರಿಂದ ಭಾಗಿಸಿದಾಗ ಶೇಷ 8. 8ರ ವರ್ಗದಿಂದ 2 ಕಳೆದರೆ 62, ಶೇಷ ಸೊನ್ನೆ. ಆದ್ದರಿಂದ 31 ಅವಿಭಾಜ್ಯ.

ಈಗ 2047. ಘಾತಾಂಕ 11, ಹೆಜ್ಜೆಗಳು ಒಂಬತ್ತು. ಶೇಷಗಳು ಹೀಗೆ ಸಾಗುತ್ತವೆ: 4, 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ. ಆದ್ದರಿಂದ 2047 ಸಂಯುಕ್ತ. ಈ ಸಾಲಿನಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಇಣುಕಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಒಡೆಯುತ್ತದೆಂಬುದು ನಿಸ್ಸಂದೇಹ, ಎಲ್ಲಿ ಒಡೆಯುತ್ತದೆಂಬುದರ ಸುಳಿವೇ ಇಲ್ಲ. ಕೊನೆಯ 1736 ಎಂಬ ಶೇಷವೂ ಏನನ್ನೂ ಬಿಟ್ಟುಕೊಡುವುದಿಲ್ಲ.

2⁶⁷ − 1ಕ್ಕೆ ಇದೇ ರೂಪದಲ್ಲಿ 65 ಹೆಜ್ಜೆಗಳು ಸಾಕು. ಪ್ರತಿ ಹೆಜ್ಜೆಯಲ್ಲಿಯೂ ಇಪ್ಪತ್ತರ ಆಸುಪಾಸಿನ ಅಂಕಿಗಳುಳ್ಳ ಸಂಖ್ಯೆಯ ವರ್ಗ ಮತ್ತು ಭಾಗಾಕಾರ ಮಾಡಬೇಕು. ಕಷ್ಟದ ಕೆಲಸ ನಿಜ, ಆದರೆ ಮನುಷ್ಯನ ಕೈಗೆಟುಕುವಂಥದ್ದು. ಲುಕಾ ತಮ್ಮ ವಿಧಾನದಿಂದ ಅದೇ ವರ್ಷ ಎರಡು ಫಲಿತಾಂಶಗಳನ್ನು ಪಡೆದರು. 39 ಅಂಕಿಗಳ 2¹²⁷ − 1 ಅವಿಭಾಜ್ಯ, ಇಲ್ಲಿ ಮರ್ಸೆನ್ ಹೇಳಿದ್ದು ಸರಿ. 2⁶⁷ − 1 ಸಂಯುಕ್ತ, ಇಲ್ಲಿ ಮರ್ಸೆನ್ ಹೇಳಿದ್ದು ತಪ್ಪು. ಮೊದಲನೆಯದು 1951ರವರೆಗೆ ಜಗತ್ತಿಗೆ ತಿಳಿದಿದ್ದ ಅತಿ ದೊಡ್ಡ ಅವಿಭಾಜ್ಯವಾಗಿ ಉಳಿಯಿತು. ಎರಡನೆಯದು ಮೂಲ ಕಾಣದ ರೋಗದಂತೆ ಉಳಿಯಿತು.

ಕೋಲ್ ಅವರ ಭಾನುವಾರಗಳು

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ಸೇರಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರ್ಯಾಂಕ್ ನೆಲ್ಸನ್ ಕೋಲ್ ಅವರ ಉಪನ್ಯಾಸ ಅಂದಿನ ಕಾರ್ಯಕ್ರಮದಲ್ಲಿತ್ತು. ಮುಂದೆ ನಡೆದದ್ದನ್ನು ಗಣಿತದ ಚರಿತ್ರಕಾರ ಇ. ಟಿ. ಬೆಲ್ ಬಹುಕಾಲದ ಬಳಿಕ ವರ್ಣಿಸಿದ್ದಾರೆ. ಬೆಲ್ ಕಥೆಗಳಿಗೆ ಸ್ವಲ್ಪ ಬಣ್ಣ ಹಚ್ಚುತ್ತಿದ್ದರೆಂಬ ಮಾತೂ ಇರುವುದರಿಂದ ವಿವರಗಳನ್ನು ಆ ಎಚ್ಚರದಿಂದಲೇ ಓದಬೇಕು. ಅವರ ಪ್ರಕಾರ ಕೋಲ್ ಮಾತಿಲ್ಲದೆ ಕಪ್ಪುಹಲಗೆಯ ಬಳಿ ಹೋದರು. ಎರಡನ್ನು 67ನೆಯ ಘಾತಕ್ಕೇರಿಸಿ ಒಂದನ್ನು ಕಳೆದರು. ಹಲಗೆಯ ಖಾಲಿ ಭಾಗಕ್ಕೆ ಸರಿದು ಇನ್ನೊಂದು ಲೆಕ್ಕ ಬರೆದರು:

193707721 × 761838257287

ಶಾಲೆಯ ಹುಡುಗನಂತೆ ಸಾಲುಸಾಲಾಗಿ ಗುಣಿಸಿ ಕೂಡಿದರು. ಎರಡೂ ಉತ್ತರಗಳು ಒಂದೇ ಆಗಿದ್ದವು. ಒಂದು ಮಾತೂ ಆಡದೆ ತಮ್ಮ ಆಸನಕ್ಕೆ ಮರಳಿದರು. ಸಭೆ ಚಪ್ಪಾಳೆ ತಟ್ಟಿತು; ಯಾರೂ ಪ್ರಶ್ನೆ ಕೇಳಲಿಲ್ಲ. ಇದನ್ನು ಕಂಡುಹಿಡಿಯಲು ಎಷ್ಟು ಕಾಲ ಹಿಡಿಯಿತೆಂದು ಬೆಲ್ ವರ್ಷಗಳ ಅನಂತರ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂಬ ಅರ್ಥದ ಉತ್ತರ ಬಂದಿತಂತೆ. ದಂತಕಥೆಯ ಅಂಶವನ್ನು ಬದಿಗಿಟ್ಟರೂ ಫಲಿತಾಂಶಕ್ಕೆ ದಾಖಲೆಯಿದೆ: ಕೋಲ್ ಅವರ ಪ್ರಬಂಧ ಅದೇ ವರ್ಷ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫರ್ಮಾ ಹೇಳಿದ ಚಹರೆ ಇಲ್ಲಿ ಕಾಣುತ್ತದೆಯೇ ಎಂದು ನೋಡೋಣ. 193707721ರಿಂದ ಒಂದನ್ನು ಕಳೆದು 134ರಿಂದ ಭಾಗಿಸಿದರೆ ಸರಿಯಾಗಿ 1445580 ಬರುತ್ತದೆ. ಎರಡನೆಯ ಅಪವರ್ತನಕ್ಕೆ ಅದೇ ರೀತಿ 5685360129. ಮೊದಲನೆಯದನ್ನು 8ರಿಂದ ಭಾಗಿಸಿದರೆ ಶೇಷ 1, ಎರಡನೆಯದಕ್ಕೆ 7. ಚಹರೆ ಹೊಂದುತ್ತದೆ.

ಭಾನುವಾರಗಳ ಲೆಕ್ಕವನ್ನೂ ಮಾಡಬಹುದು. 134ರ ನಿಯಮ ಮತ್ತು 8ರ ನಿಯಮ ಎರಡನ್ನೂ ಪಾಲಿಸುವ ಅವಿಭಾಜ್ಯಗಳು 193707721ರವರೆಗೆ ಸುಮಾರು 80 ಸಾವಿರ. ಒಂದೊಂದನ್ನೂ ಭಾಗಿಸಿ ನೋಡಲು ಹತ್ತು ನಿಮಿಷವೆಂದುಕೊಂಡರೆ 13 ಸಾವಿರಕ್ಕೂ ಹೆಚ್ಚು ಗಂಟೆಗಳು ಬೇಕು. ಭಾನುವಾರಕ್ಕೆ ಹತ್ತು ಗಂಟೆ ದುಡಿದರೂ ಇಪ್ಪತ್ತೈದು ವರ್ಷ ಮೀರುತ್ತದೆ. ಕೋಲ್ ಮೂರು ವರ್ಷಗಳಲ್ಲಿ ಮುಗಿಸಿದ್ದರೆ ಅದಕ್ಕೆ ಕಾರಣ ಬರಿಯ ತಾಳ್ಮೆಯಲ್ಲ. ವರ್ಗಸಂಖ್ಯೆಗಳು ಬಿಡುವ ಶೇಷಗಳನ್ನು ಬಳಸಿಕೊಂಡು, ಸಾಧ್ಯವಿಲ್ಲದ ಉತ್ತರಗಳನ್ನು ಗುಂಪುಗುಂಪಾಗಿ ತಳ್ಳಿಹಾಕುವ ಉಪಾಯ ಅವರ ಪ್ರಬಂಧದ ತಿರುಳು.

ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ

ಮೂರು ವರ್ಷಗಳ ಶೋಧನೆಯನ್ನು ಒಂದು ಸಭೆಯ ಅವಧಿಯೊಳಗೆ ಎಲ್ಲರೂ ಒಪ್ಪುವಂತೆ ಪರಿಶೀಲಿಸಲು ಆಯಿತೆಂಬುದೇ ಈ ಪ್ರಸಂಗದ ಮರ್ಮ. ಎರಡು ಅವಿಭಾಜ್ಯಗಳನ್ನು ಗುಣಿಸುವುದು ಕ್ಷಣದ ಕೆಲಸ, ಗುಣಲಬ್ಧದಿಂದ ಅವನ್ನು ಬಿಡಿಸಿ ತೆಗೆಯುವುದು ಮಹಾಶ್ರಮದ ಕೆಲಸ. ಇಂದು 2⁶⁷ − 1ನ್ನು ಸಾಮಾನ್ಯ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತದೆ. ಆದರೆ ಸಂಖ್ಯೆ ಬೆಳೆದಂತೆ ಕಂಪ್ಯೂಟರೂ ಸೋಲುತ್ತದೆ.

ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ 1977ರಲ್ಲಿ ಈ ಸೋಲನ್ನೇ ಬೀಗವಾಗಿ ಮಾರ್ಪಡಿಸಿದರು. ಗುಣಲಬ್ಧವನ್ನು ಬಹಿರಂಗವಾಗಿ ಪ್ರಕಟಿಸಿ, ಅಪವರ್ತನಗಳನ್ನು ಗುಟ್ಟಾಗಿಟ್ಟುಕೊಳ್ಳುವ ಅವರ ಗೂಢಲಿಪಿ ಅಂತರ್ಜಾಲದ ಸುರಕ್ಷತೆಯ ಆಧಾರಗಳಲ್ಲಿ ಒಂದಾಯಿತು. ಅವರು ಅದೇ ವರ್ಷ ಸವಾಲಾಗಿ ಮುಂದಿಟ್ಟ 129 ಅಂಕಿಗಳ ಸಂಖ್ಯೆಯನ್ನು 1994ರಲ್ಲಿ ಸುಮಾರು 600 ಸ್ವಯಂಸೇವಕರ ಕಂಪ್ಯೂಟರುಗಳು ಕೂಡಿ ಬಿಡಿಸಿದವು. 250 ಅಂಕಿಗಳ ಇಂಥದೇ ಸಂಖ್ಯೆ 2020ರಲ್ಲಿ ಒಡೆಯಿತು. ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವವು 617 ಅಂಕಿಗಳವು. ಊರಿನಲ್ಲಿರುವ ತಾಯಿತಂದೆಯರ ಖಾತೆಗೆ ನಾವು ಇಲ್ಲಿಂದ ಹಣ ಕಳುಹಿಸುವಾಗ ನೆಚ್ಚುವ ಸುರಕ್ಷತೆಯ ಹಿಂದೆ ಇಂಥ ಲೆಕ್ಕಗಳಿವೆ. ಕ್ವಾಂಟಂ ಕಂಪ್ಯೂಟರ್ ಈ ಬೀಗವನ್ನು ತೆರೆಯಬಲ್ಲದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದ್ದರಿಂದ ಬೇರೆ ಬಗೆಯ ಬೀಗಗಳ ತಯಾರಿಯೂ ನಡೆದಿದೆ.

‘ಇದೆ’ ಮತ್ತು ‘ಇಲ್ಲಿದೆ’ ಎಂಬುವುಗಳ ಅಂತರ ಆಧುನಿಕ ಗಣಿತದಲ್ಲಿ ಕಡಿಮೆಯಾಗುವ ಬದಲು ಇನ್ನಷ್ಟು ಸ್ಪಷ್ಟವಾಗಿದೆ. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ 2002ರಲ್ಲಿ ಯಾವುದೇ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಖಚಿತವಾಗಿ, ಮಿತವಾದ ಹೆಜ್ಜೆಗಳಲ್ಲಿ ನಿರ್ಣಯಿಸುವ ವಿಧಾನವನ್ನು ಕೊಟ್ಟು ಜಗತ್ತಿನ ಗಣಿತಜ್ಞರನ್ನು ಬೆರಗುಗೊಳಿಸಿದರು. ಸಂಖ್ಯೆ ದೊಡ್ಡದಾದಂತೆ ಹೆಜ್ಜೆಗಳು ಕೈಮೀರಿ ಬೆಳೆಯುವುದಿಲ್ಲವೆಂಬುದು ಅದರ ಹಿರಿಮೆ. ಆ ವಿಧಾನವೂ ಅಪವರ್ತನಗಳನ್ನು ಕೊಡುವುದಿಲ್ಲ. ಸಾಮಾನ್ಯ ಕಂಪ್ಯೂಟರುಗಳಲ್ಲಿ ಅಷ್ಟೇ ದಕ್ಷವಾಗಿ ಅಪವರ್ತನಗಳನ್ನು ತೆಗೆಯುವ ವಿಧಾನ ಈವರೆಗೆ ಯಾರಿಗೂ ದೊರೆತಿಲ್ಲ.

ಇನ್ನೂ ಕಾಯುತ್ತಿರುವ ಸಂಖ್ಯೆ

ಮರ್ಸೆನ್ ಪಟ್ಟಿಯ ಹಾದಿಯಲ್ಲಿ ಹುಡುಕಾಟ ನಿಂತಿಲ್ಲ. 2024ರ ಅಕ್ಟೋಬರಿನಲ್ಲಿ 2ರ 136279841ನೆಯ ಘಾತದಿಂದ 1 ಕಳೆದ ಸಂಖ್ಯೆ ಅವಿಭಾಜ್ಯವೆಂದು ತಿಳಿದುಬಂತು. ಅದಕ್ಕೆ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳು. ಆದರೆ ನನ್ನ ಮನಸ್ಸು ಹೆಚ್ಚು ಹೋಗುವುದು 385 ಅಂಕಿಗಳ ಒಂದು ಚಿಕ್ಕ ಸಂಖ್ಯೆಯ ಕಡೆಗೆ. 2¹²⁷⁷ − 1 ಸಂಯುಕ್ತವೆಂದು ಬಹಳ ಹಿಂದೆಯೇ ಸಿದ್ಧವಾಗಿದೆ. ಅದರ ಒಂದು ಅಪವರ್ತನವೂ ಈವರೆಗೆ ಸಿಕ್ಕಿಲ್ಲ. 1876 ಮತ್ತು 1903ರ ನಡುವೆ ನಮ್ಮ ಸಂಖ್ಯೆ ನಿಂತಿದ್ದ ಜಾಗದಲ್ಲಿ ಈಗ ಅದು ನಿಂತಿದೆ.

ನನ್ನ ಕಿರಿಯ ದಿನಗಳಲ್ಲಿ ರೋಗಿಯ ಮುಂದೆ ‘ಏನೋ ಇದೆ, ಎಲ್ಲಿದೆಯೆಂದು ಗೊತ್ತಿಲ್ಲ’ ಎಂದು ಹೇಳಲು ನಾಚಿಕೆಯಾಗುತ್ತಿತ್ತು. ಹೇಳಿದರೆ ಸೋಲನ್ನು ಒಪ್ಪಿಕೊಂಡಂತೆ ಎಂದು ಭಾವಿಸಿದ್ದೆ. ಆದರೆ ಬಾಯಿಗೆ ಬಂದ ಹೆಸರೊಂದನ್ನು ರೋಗಕ್ಕೆ ಅಂಟಿಸುವುದು ಮರ್ಸೆನ್ ಅವರ ಪಟ್ಟಿಯಂತೆ: ಕೇಳುವವರಿಗೆ ಸಮಾಧಾನ, ಮುಂದಿನ ಶೋಧನೆಗೆ ಅಡ್ಡಿ. ಲುಕಾ ಹೇಳಿದ್ದು ಅರ್ಧ ಸತ್ಯವಲ್ಲ. ಸಾಧನೆಯುಳ್ಳ ಪೂರ್ಣ ಸತ್ಯ. ಅದನ್ನು ನೆಚ್ಚಿಯೇ ಕೋಲ್ ಮೂರು ವರ್ಷ ಹುಡುಕಿದರು. ಒಳಗೆ ಏನೂ ಇಲ್ಲದಿರಬಹುದೆಂಬ ಅನುಮಾನವಿದ್ದಿದ್ದರೆ ಅಷ್ಟು ಭಾನುವಾರಗಳನ್ನು ಯಾರು ತೆರುತ್ತಿದ್ದರು?

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ರಜೆಯ ದಿನ ಅವರೊಡನೆ ಕುಳಿತು, ಕ್ಯಾಲ್ಕುಲೇಟರ್ ಮುಟ್ಟದೆ, 761838257287ನ್ನು 193707721ರಿಂದ ಗುಣಿಸಿನೋಡಿ. ಮುಗಿದ ಮೇಲೆ ಅಂಕಿಗಳನ್ನು ಕೂಡಿ ಪರೀಕ್ಷಿಸಿ. ಮೊದಲನೆಯದರ ಅಂಕಿಗಳ ಮೊತ್ತ 64, ಎರಡನೆಯದರದು 37, ಉತ್ತರದ್ದು 109 ಬರಬೇಕು. ಮೂರನ್ನೂ 9ರಿಂದ ಭಾಗಿಸಿದರೆ ಶೇಷ 1. ಒಂದನ್ನು ಒಂದರಿಂದ ಗುಣಿಸಿದರೆ ಒಂದು, ಆದ್ದರಿಂದ ಲೆಕ್ಕ ಹೊಂದುತ್ತದೆ. ಈ ಪರೀಕ್ಷೆಯಲ್ಲಿ ಸೋತರೆ ಗುಣಾಕಾರ ಖಂಡಿತ ತಪ್ಪು. ಗೆದ್ದಮಾತ್ರಕ್ಕೆ ಸರಿಯೆಂದು ಹೇಳಲಾಗದು. ಅದಕ್ಕಾಗಿ ಉತ್ತರದ ಇಪ್ಪತ್ತೊಂದು ಅಂಕಿಗಳನ್ನೂ ಈ ಲೇಖನದ ಮೊದಲಲ್ಲಿರುವ ಸಂಖ್ಯೆಯೊಡನೆ ಒಂದೊಂದಾಗಿ ಹೋಲಿಸಿ ನೋಡಲೇಬೇಕು.